ಅಂತಿಯೋಕ್ಯದ ಸಭೆಯಲ್ಲಿ ಪಂಕ್ತಿಭೇದ

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 11:19–26 ಮತ್ತು 13:1–3, ಗಲಾತ್ಯದವರಿಗೆ 2:11–14, ಅರಣ್ಯಕಾಂಡ 12.



ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯದ ಮೊದಲನೆಯ ವಚನವನ್ನು ನಾವು ಬಹುಸಾರಿ ಬೇಗಬೇಗನೆ ಓದಿ ಮುಂದಕ್ಕೆ ಹೋಗುತ್ತೇವೆ. ಅದರಲ್ಲಿ ಬರೇ ಹೆಸರುಗಳಿರುತ್ತವೆ. ಹೆಸರುಗಳ ಪಟ್ಟಿಯಲ್ಲಿ ಉಪದೇಶವೇನಿದೆ ಎಂದು ಅನೇಕರು ನೆನಸುತ್ತಾರೆ. ಈ ತಿಂಗಳ ಪಾಠವು ಆ ಪಟ್ಟಿಯಲ್ಲಿಯೇ ಇರುವದರಿಂದ ದಯಮಾಡಿ ಸತ್ಯವೇದವನ್ನು ತೆರೆದು, ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿರಿ. ಓದು ಬಾರದವರು ಮನೆಯ ಮಕ್ಕಳಿಂದ ಓದಿಸಿ ಕೇಳಿರಿ.

ಅಂತಿಯೋಕ್ಯದ ಸಭೆಯಲ್ಲಿ ಪ್ರವಾದಿಗಳೂ ಬೋಧಕರೂ ಆಗಿದ್ದವರು ಐದು ಮಂದಿ. ಮೊದಲನೆಯವನಾದ ಬಾರ್ನಬನು ಕುಪ್ರದ್ವೀಪದಲ್ಲಿ ಹುಟ್ಟಿದ ಲೇವಿಯನು. ಕಡೆಯವನಾದ ಸೌಲನು ತಾರ್ಸದವನು, ಫರಿಸಾಯನು. ಮೆನಹೇನನು ಹೆರೋದನ ಸಂಗಡ ಅರಮನೆಯಲ್ಲಿ ಬೆಳೆದವನು. ಲೂಕ್ಯನು ಕುರೇನ್ಯದವನು, ಆ ಪಟ್ಟಣವು ಆಫ್ರಿಕ ಖಂಡದ ಉತ್ತರ ತೀರದಲ್ಲಿ, ಈಗಿನ ಲಿಬಿಯ ದೇಶದಲ್ಲಿ ಇತ್ತು. ಸಿಮೆಯೋನನಿಗಾದರೋ ನೀಗರ ಎಂಬ ಅಡ್ಡಹೆಸರಿತ್ತು. ಅದು ಲತೀನ್ ಮಾತು. ಅದರ ಅರ್ಥವು ಕಪ್ಪಗಿರುವವನು ಎಂದು. ಅವನ ದೇಶ ಯಾವದೆಂದು ಗ್ರಂಥಕರ್ತನು ಬರೆಯಲಿಲ್ಲ. ಆದರೂ ಅವನ ಮೈಬಣ್ಣವನ್ನು ನೋಡಿ ಜನರು ಹಾಗೆ ಕರೆದರೆಂದೂ, ಅವನು ಆಫ್ರಿಕದ ಮೂಲದವನಾಗಿದ್ದಿರಬಹುದೆಂದೂ ಅನೇಕ ಪಂಡಿತರ ಅಭಿಪ್ರಾಯವಿದೆ.

ಈ ಐವರು ಉಪವಾಸವಿದ್ದು ಪ್ರಾರ್ಥನೆ ಮಾಡಿದಾಗಲೇ ಬಾರ್ನಬನನ್ನೂ ಸೌಲನನ್ನೂ ಬೇರೆ ಮಾಡಿ ಕಳುಹಿಸಬೇಕೆಂಬ ಅಪ್ಪಣೆ ಬಂತು. ಉಳಿದವರು ಅವರಿಬ್ಬರ ತಲೆಯ ಮೇಲೆ ಕೈಗಳನ್ನಿಟ್ಟರು. ಆ ಕೈಗಳಲ್ಲಿ ನೀಗರನ ಕೈಯೂ ಒಂದಾಗಿತ್ತು. ಇನ್ನೂ ಒಂದು ಮಾತು: ಆ ಪಟ್ಟಣದಲ್ಲಿ ಯೆಹೂದ್ಯರಲ್ಲದ ಗ್ರೀಕರಿಗೆ ಸುವಾರ್ತೆಯನ್ನು ಮೊದಲು ಹೇಳಿದವರು ಯಾರು? ಹನ್ನೊಂದನೆಯ ಅಧ್ಯಾಯದ ಇಪ್ಪತ್ತನೆಯ ವಚನವನ್ನು ನೋಡಿರಿ. ಕುಪ್ರದವರೂ ಕುರೇನ್ಯದವರೂ ಆದ ಕೆಲವರು. ಆದಕಾರಣ ಯೂರೋಪಿನವರು ಆಫ್ರಿಕದವರಿಗೆ ಸುವಾರ್ತೆಯನ್ನು ತಂದುಕೊಟ್ಟರೆಂದು ಮಾತ್ರ ತಿಳಿದಿರುವವನು ಅರ್ಧ ಮಾತನ್ನು ತಿಳಿದವನಾಗಿರುತ್ತಾನೆ. ಮೊದಲು ಆಫ್ರಿಕದಿಂದ ಬಂದವರ ಬಾಯಿಂದ ಗ್ರೀಕರು ಕೇಳಿದರು.

ಈಗ ಗಲಾತ್ಯದವರ ಪತ್ರಿಕೆಯ ಎರಡನೆಯ ಅಧ್ಯಾಯಕ್ಕೆ ತಿರುಗಿರಿ. ಸ್ಥಳವು ಅದೇ ಅಂತಿಯೋಕ್ಯ, ಸಭೆಯು ಅದೇ ಸಭೆ. ಪೇತ್ರನು ಅಲ್ಲಿಗೆ ಬಂದು ಅನ್ಯಜನರಿಂದ ಬಂದ ವಿಶ್ವಾಸಿಗಳ ಪಂಕ್ತಿಯಲ್ಲಿ ಕೂತು ಊಟಮಾಡುತ್ತಿದ್ದನು. ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಅವರಿಗೆ ಹೆದರಿ, ಮೆಲ್ಲಗೆ ಎದ್ದು ಬೇರೆ ಕೂತನು. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಬಾರ್ನಬನು ಕೂಡಾ ಎದ್ದನು. ಆಗ ಪೌಲನು ಎಲ್ಲರ ಮುಂದೆ ಪೇತ್ರನನ್ನು ಖಂಡಿಸಿದನು.

ಪೇತ್ರನು ಅಲ್ಲಿ ತಪ್ಪು ಬೋಧನೆ ಮಾಡಲಿಲ್ಲ ಎಂಬದನ್ನು ನಾವು ಚೆನ್ನಾಗಿ ಗಮನಿಸತಕ್ಕದ್ದು. ಅನ್ಯಜನರು ರಕ್ಷಣೆಗೆ ಯೋಗ್ಯರಲ್ಲವೆಂದು ಅವನು ಪ್ರಸಂಗಿಸಲಿಲ್ಲ. ಯಾರನ್ನೂ ಬೈಯಲಿಲ್ಲ, ಸಭೆಯಿಂದ ಹೊರಗೆ ಹಾಕಲಿಲ್ಲ. ಅವನು ಎಲೆಯ ಮುಂದಿನಿಂದ ಎದ್ದುಹೋದನು, ಇಷ್ಟೇ. ಆದರೆ ಪೌಲನು ಇದನ್ನು ಊಟದ ಚಿಕ್ಕ ಮಾತೆಂದು ಎಣಿಸದೆ, ಇದು ಸುವಾರ್ತೆಯ ಸತ್ಯಕ್ಕೆ ತಪ್ಪಿದ ನಡಿಗೆ ಎಂದು ಹೇಳಿದನು. ಇದರ ಹೆಸರು ನಮ್ಮ ದೇಶದವರಾದ ನಿಮಗೆ ಚೆನ್ನಾಗಿ ಗೊತ್ತು. ಇದು ಪಂಕ್ತಿಭೇದ. ಯೂರೋಪಿನ ವ್ಯಾಖ್ಯಾನಕಾರರು ಈ ಭಾಗವನ್ನು ಎಷ್ಟೋ ಪುಟಗಳಲ್ಲಿ ವಿವರಿಸುತ್ತಾರೆ. ನಮ್ಮ ಹಳ್ಳಿಯ ಮುದುಕಿಯೊಬ್ಬಳು ಅದನ್ನು ಒಂದೇ ಸಾರಿ ಕೇಳಿದರೆ ತಿಳಿದುಕೊಳ್ಳುವಳು, ಯಾಕಂದರೆ ಅವಳ ತಟ್ಟೆಯನ್ನು ಜನರು ದೂರದಿಂದ ನೂಕಿದ್ದನ್ನು ಅವಳು ಕಂಡಿದ್ದಾಳೆ.

ಹೀಗಿರಲಾಗಿ ಈ ಪಾಠವನ್ನು ನಾವು ಕಾಳೀನದಿಯ ತೀರಕ್ಕೆ ತರೋಣ. ಗಣೇಶಗುಡಿಯು ಹಳೆಯ ಊರಲ್ಲ. ಸೂಪಾ ಅಣೆಕಟ್ಟನ್ನು ಕಟ್ಟುವ ಕಾಲದಲ್ಲಿ ಕೆಲಸಗಾರರಿಗಾಗಿ ಬೆಳೆದ ವಸತಿ ಅದು. 101 ಮೀಟರ್ ಎತ್ತರದ ಆ ಅಣೆಕಟ್ಟು 1987ರಲ್ಲಿ ಪೂರ್ಣವಾಯಿತು. ಹಳೇ ಸೂಪಾ ಊರು ನೀರಿನ ಕೆಳಗೆ ಹೋಯಿತು. ಅಲ್ಲಿಯ ಜನರು ರಾಮನಗರ ಮೊದಲಾದ ಕಡೆಗಳಿಗೆ ಹೋಗಿ ನೆಲೆಸಿದರು. ಅಣೆಕಟ್ಟಿನ ಕೆಲಸಕ್ಕೂ ದಾಂಡೇಲಿಯ ಕಾಗದದ ಕಾರ್ಖಾನೆಗೂ ನಾನಾ ಸೀಮೆಗಳಿಂದ ನಾನಾ ಭಾಷೆಯವರು ಬಂದರು. ಅವರಿಗಿಂತ ಮೊದಲೇ ಕಾಡಿನಲ್ಲಿ ಕುಣಬಿಯರೂ, ಗೌಳಿಗರೂ, ಮರಾಠರೂ ಇದ್ದರು. ಮುಂಡಗೋಡಿನ ಕಡೆಯಲ್ಲಿ ಲಂಬಾಣಿಗರಿದ್ದಾರೆ. 1966ರಿಂದ ತಿಬೇಟದವರೂ ಇದ್ದಾರೆ. ಇವರೆಲ್ಲರ ನಡುವೆ, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆ, ಜೋಯಿಡಾ ತಾಲೂಕುಗಳ ಕಾಡಿನ ಅಂಚುಗಳಲ್ಲಿ ಸಿದ್ದಿ ಜನರು ವಾಸಿಸುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಿದ್ದಿಯರ ಸಂಖ್ಯೆಯು ಹತ್ತು ಸಾವಿರಕ್ಕೆ ತುಸು ಹೆಚ್ಚಾಗಿತ್ತು.

ಸಿದ್ದಿಯರ ಪೂರ್ವಿಕರು ಆಫ್ರಿಕದವರು. ಅವರು ತಾವಾಗಿ ಬಂದವರಲ್ಲ. ಬಹುಮಂದಿ ಹಡಗುಗಳಲ್ಲಿ ತುಂಬಿ ತರಲ್ಪಟ್ಟ ದಾಸರು. ಅರಬಿ ವರ್ತಕರು ಹಬಶಿ ದೇಶದಿಂದ ಅನೇಕರನ್ನು ತಂದು ದಕ್ಷಿಣದ ಸುಲ್ತಾನರಿಗೆ ಮಾರಿದರು. ಹಾಗೆ ಮಾರಲ್ಪಟ್ಟವರಲ್ಲಿ ಒಬ್ಬನಾದ ಮಲಿಕ್ ಅಂಬರನು ಅಹಮದನಗರದ ನಿಜಾಮಶಾಹಿಯ ಪ್ರಧಾನಿಯಾಗಿ, ಮೊಗಲರ ಸೈನ್ಯವನ್ನು ವರುಷಗಟ್ಟಳೆ ತಡೆದು, 1626ರಲ್ಲಿ ಸತ್ತನು. ಸಿದ್ದಿಯರ ಮಕ್ಕಳಿಗೆ ಈ ಹೆಸರನ್ನು ತಿಳಿಸಬೇಕು. ಆದರೆ ಒಬ್ಬನು ಪ್ರಧಾನಿಯಾದದ್ದರಿಂದ ಉಳಿದ ಸಾವಿರಾರು ಜನರ ಸಂಕೋಲೆಯು ಹಗುರವಾಗಲಿಲ್ಲ.

ನಮ್ಮ ಜಿಲ್ಲೆಯ ಸಿದ್ದಿಯರಲ್ಲಿ ಅನೇಕರ ಪೂರ್ವಿಕರು ಗೋವೆಯ ದಾರಿಯಿಂದ ಬಂದರು. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ತೀರಗಳಿಂದ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಗೋವೆಗೆ ತಂದು ಮಾರುತ್ತಿದ್ದರು. ಇಲ್ಲಿ ನಾವು ತಲೆತಗ್ಗಿಸಿ ಓದಬೇಕಾದ ಸಂಗತಿಯಿದೆ. ಅದೇನಂದರೆ, ಆ ದಾಸರಿಗೆ ದೀಕ್ಷಾಸ್ನಾನವನ್ನು ಕೊಟ್ಟು, ಪರಿಶುದ್ಧರ ಹೆಸರುಗಳನ್ನಿಟ್ಟು, ಅದರ ಮೇಲೆ ಸಂತೆಯಲ್ಲಿ ಎತ್ತುಗಳನ್ನು ಮಾರುವ ಹಾಗೆ ಮಾರಿದರು. ಕ್ರಿಸ್ತನ ಹೆಸರು ಹೊತ್ತವನು ಕ್ರಿಸ್ತನ ಹೆಸರು ಹೊತ್ತವನನ್ನು ಕೊಂಡುಕೊಂಡನು. ಆ ಹಿಂಸೆಯನ್ನು ತಾಳಲಾರದೆ ಓಡಿಹೋದವರು ಘಟ್ಟವನ್ನು ಹತ್ತಿ, ಕಾಳೀನದಿಯ ಈಚೆಯ ಕಾಡುಗಳಲ್ಲಿ ಅಡಗಿಕೊಂಡರು. ಪೋರ್ಚುಗೀಸರು ರೋಮನ್ ಸಭೆಯವರು, ನಮಗೂ ಅವರಿಗೂ ಸಂಬಂಧವಿಲ್ಲವೆಂದು ಹೇಳಿ ನಾವು ಕೈತೊಳೆದುಕೊಳ್ಳಲಾಗದು. ಅಟ್ಲಾಂಟಿಕ್ ಸಮುದ್ರದ ದಾಸವ್ಯಾಪಾರವನ್ನು ನಡಿಸಿದವರಲ್ಲಿ ಇಂಗ್ಲಿಷರೂ ಡಚ್ಚರೂ ಇದ್ದರು, ಅವರು ಪ್ರೊಟೆಸ್ಟಂಟರು. ಇಂಗ್ಲಿಷರ ಆಳಿಕೆಯ ಹಿಂದೂದೇಶದಲ್ಲಿ ದಾಸತ್ವವು ಕಾಯಿದೆಯ ಆಧಾರವನ್ನು ಕಳಕೊಂಡದ್ದು 1843ರಲ್ಲಿ ಮಾತ್ರ. ಕಾಯಿದೆಯ ಮೇಲೆಯೂ ಸಿದ್ದಿಯರು ಭೂಮಾಲಿಕರ ತೋಟಗದ್ದೆಗಳಲ್ಲಿ ಸಾಲಕ್ಕಾಗಿ ತಲೆಮಾರುಗಳ ವರೆಗೆ ದುಡಿದರು. ತಂದೆಯ ಸಾಲಕ್ಕೆ ಮಗನು ದುಡಿಯುವದನ್ನು ದಾಸತ್ವವೆಂದು ಹೇಳದೆ ಬೇರೆ ಯಾವ ಹೆಸರಿನಿಂದ ಕರೆಯೋಣ?

ಕೆಲವು ಓದಿದ ಕ್ರೈಸ್ತರು ಹಾಮನ ಶಾಪ ಎಂಬ ಮಾತನ್ನು ಇನ್ನೂ ಹೇಳುವದುಂಟು. ಆಫ್ರಿಕದವರು ಹಾಮನ ಸಂತಾನ, ಆದದರಿಂದ ದಾಸರಾದರು ಎಂಬದೇ ಅದು. ಈ ಮಾತನ್ನು ದಾಸವ್ಯಾಪಾರಿಗಳು ತಮ್ಮ ಲಾಭಕ್ಕಾಗಿ ಉಪಯೋಗಿಸಿಕೊಂಡರು; ಸತ್ಯವೇದದಲ್ಲಿ ಅದು ಇಲ್ಲ. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ನೋಹನು ಶಪಿಸಿದ್ದು ಕಾನಾನನನ್ನು, ಹಾಮನನ್ನಲ್ಲ. ಆಫ್ರಿಕದ ಕಪ್ಪು ಜನರಿಗೆ ಸಂಬಂಧಿಸಿದ ಹೆಸರು ಕೂಷ್; ಅವನು ಹಾಮನ ಇನ್ನೊಬ್ಬ ಮಗನೆಂದು ಮುಂದಿನ ಅಧ್ಯಾಯದ ಆರನೆಯ ವಚನದಲ್ಲಿದೆ; ಅವನ ಮೇಲೆ ಶಾಪವಿಲ್ಲ. ನಿಮ್ಮ ಸಭೆಯಲ್ಲಿ ಯಾವನಾದರೂ ಈ ಮಾತನ್ನು ಹೇಳಿದರೆ ವಾದಕ್ಕೆ ಹೋಗಬೇಡಿರಿ. ಈ ಎರಡು ಅಧ್ಯಾಯಗಳನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿರಿ.

ಅರಣ್ಯಕಾಂಡದ ಹನ್ನೆರಡನೆಯ ಅಧ್ಯಾಯವು ಇದಕ್ಕೆ ಹತ್ತಿರವಾದದ್ದು. ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆ ಮಾಡಿಕೊಂಡಿದ್ದಕ್ಕೆ ಮಿರ್ಯಾಮಳೂ ಆರೋನನೂ ಅವನಿಗೆ ವಿರೋಧವಾಗಿ ಮಾತಾಡಿದರು. ಅವಳ ಬಣ್ಣವನ್ನು ಅವರು ಎತ್ತಿ ಆಡಿದರೆಂದು ಬರೆದಿಲ್ಲ, ಅವಳು ಪರದೇಶದವಳೆಂಬದು ಸಾಕಾಗಿತ್ತು. ಅದರ ಸಂಗಡ ಮೋಶೆಯ ಹಿರಿತನದ ಮೇಲಿನ ಹೊಟ್ಟೆಕಿಚ್ಚೂ ಕೂಡಿತ್ತು. ದೇವರು ಮಿರ್ಯಾಮಳನ್ನು ದಂಡಿಸಿದಾಗ ಅವಳ ಚರ್ಮವು ಕುಷ್ಠದಿಂದ ಹಿಮದಂತೆ ಬೆಳ್ಳಗಾಯಿತು. ಮಗುವು ಹುಟ್ಟಿದ ಕೂಡಲೇ ಬಣ್ಣವನ್ನು ವಿಚಾರಿಸುವ ಅಜ್ಜಿಯರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ! ಮಿರ್ಯಾಮಳು ಪಾಳೆಯದ ಹೊರಗೆ ಇದ್ದ ಏಳು ದಿವಸ ಇಸ್ರಾಯೇಲ್ಯರೆಲ್ಲರೂ ಹೊರಡದೆ ನಿಂತರು. ಒಬ್ಬ ಸ್ತ್ರೀಯ ನಾಲಿಗೆಯಿಂದ ಇಡೀ ಜನಾಂಗದ ಪ್ರಯಾಣವು ನಿಂತಿತು.

ನಮ್ಮಲ್ಲಿ ಜಾತಿಭೇದವುಂಟು, ವರ್ಣಭೇದವು ಅಮೇರಿಕ ಮತ್ತು ದಕ್ಷಿಣ ಆಫ್ರಿಕ ದೇಶಗಳ ರೋಗ ಎಂದು ಕೆಲವರು ಹೇಳುತ್ತಾರೆ. ಬೆಂಗಳೂರಿನಲ್ಲಿ 2016ನೆಯ ಜನವರಿ 31ರಂದು ನಡೆದದ್ದನ್ನು ಅವರು ಕೇಳಲಿ. ಆಫ್ರಿಕದ ಒಬ್ಬ ವಿದ್ಯಾರ್ಥಿಯು ನಡಿಸುತ್ತಿದ್ದ ಕಾರು ಬಡಿದು ಒಬ್ಬ ಸ್ತ್ರೀ ಸತ್ತಳು. ತುಸು ಹೊತ್ತಿನ ಮೇಲೆ ತಾಂಜಾನಿಯದ ಒಬ್ಬ ವಿದ್ಯಾರ್ಥಿನಿಯು ತನ್ನ ಸ್ನೇಹಿತರೊಡನೆ ಅದೇ ದಾರಿಯಲ್ಲಿ ಬಂದಳು. ಆ ಅಪಘಾತಕ್ಕೂ ಅವಳಿಗೂ ಏನೂ ಸಂಬಂಧವಿರಲಿಲ್ಲ. ಅವನು ಬೇರೆ ದೇಶದವನು, ಅವಳು ಬೇರೆ ದೇಶದವಳು. ಗುಂಪು ಅವಳನ್ನು ಹಿಡಿದು ಹೊಡೆದು, ಅವಳ ಕಾರನ್ನು ಸುಟ್ಟಿತು. ಗುಂಪಿನ ಕಣ್ಣಿಗೆ ಮನುಷ್ಯರು ಕಾಣಿಸಲಿಲ್ಲ, ಬಣ್ಣವು ಮಾತ್ರ ಕಾಣಿಸಿತು. ನಮ್ಮ ಸಿದ್ದಿ ಹುಡುಗರು ಕೆಲಸಕ್ಕಾಗಿ ಅದೇ ಬೆಂಗಳೂರಿಗೂ ಗೋವೆಗೂ ಹೋಗುತ್ತಾರೆ. ನೀನು ಯಾವ ದೇಶದವನು ಎಂದು ಅವರನ್ನು ಕೇಳುತ್ತಾರೆ. ಉತ್ತರ ಕನ್ನಡದವನು ಎಂದು ಅವನು ಶುದ್ಧ ಕನ್ನಡದಲ್ಲಿ ಹೇಳಿದರೆ ಕೇಳಿದವರು ನಗುತ್ತಾರೆ. ನಾಲ್ಕು ನೂರು ವರುಷ ಈ ಮಣ್ಣಿನಲ್ಲಿ ದುಡಿದ ಕುಲದವನು ತಾನು ಈ ದೇಶದವನೆಂದು ಪ್ರತಿಯೊಂದು ಬಾಗಿಲಲ್ಲಿಯೂ ರುಜುಪಡಿಸಬೇಕಾಗಿದೆ. ದೂರದ ಬೆಂಗಳೂರಿನ ಮಾತು ಯಾಕೆ? ನಮ್ಮ ಊರಿನ ಶಾಲೆಯ ಅಂಗಳದಲ್ಲಿ ಗುಂಗುರುಕೂದಲಿನ ಹುಡುಗಿಯನ್ನು ಉಳಿದ ಮಕ್ಕಳು ಏನೆಂದು ಕರೆಯುತ್ತಾರೆ ಎಂಬದನ್ನು ಒಂದು ದಿವಸ ಬೇಲಿಯ ಹತ್ತಿರ ನಿಂತು ಕೇಳಿರಿ. ಅವರಲ್ಲಿ ನಮ್ಮ ಭಾನುವಾರದ ಶಾಲೆಯ ಮಕ್ಕಳೂ ಇರುತ್ತಾರೆ.

ಪಂಕ್ತಿಭೇದದ ನೋವು ನಮ್ಮ ಸಭೆಗಳಿಗೆ ಹೊಸದಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಾಗ, ಜಾತಿಯನ್ನು ಬಿಟ್ಟ ಹೊರತು ಸಭೆಯಲ್ಲಿ ಸೇರಲಾಗದೆಂಬ ಕಟ್ಟುನಿಟ್ಟಿನ ಕ್ರಮವನ್ನಿಟ್ಟರು. ತಮಿಳು ಸೀಮೆಯ ಕೆಲವು ಮಿಶನುಗಳು ಈ ವಿಷಯದಲ್ಲಿ ಸಡಿಲು ಬಿಟ್ಟಾಗಲೂ ಇವರು ಬಿಡಲಿಲ್ಲ. ಮಂಗಳೂರಿನ ಸಾರಸ್ವತ ಬ್ರಾಹ್ಮಣನಾದ ಆನಂದರಾವ್ ಕೌಂಡಿನ್ಯನು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲಿನಲ್ಲಿ ವೇದಾಂತವಿದ್ಯೆಯನ್ನು ಕಲಿತು ಪಾದ್ರಿಯಾಗಿ ಹಿಂದಿರುಗಿದನು. ಹೊಲೆಯರೆಂದು ಜನರು ದೂರವಿಟ್ಟವರೊಡನೆ ಒಂದೇ ಸಭೆಯವನಾದನು. ನಮ್ಮ ಹಿರಿಯರು ಇದಕ್ಕಾಗಿ ಮನೆ ಮಠಗಳನ್ನು ಕಳಕೊಂಡರು, ಬಾವಿಯ ನೀರನ್ನು ಕಳಕೊಂಡರು.

ಆದರೆ ಮಿಶನರಿಗಳ ಬಂಗಲೆಯಲ್ಲಿಯೂ ಒಂದು ಪಂಕ್ತಿಭೇದವಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. 1910ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಮಿಶನುಗಳ ದೊಡ್ಡ ಸಮ್ಮೇಳನವು ಕೂಡಿದಾಗ, ತಿರುನೆಲ್ವೇಲಿ ಸೀಮೆಯ ಅಜರಾಯನು ಎದ್ದು ನಿಂತು, ಬಿಳಿಯರು ನಮಗಾಗಿ ಪ್ರಾಣವನ್ನೂ ಹಣವನ್ನೂ ಕೊಡುವದಕ್ಕೆ ಸಿದ್ಧರಿದ್ದಾರೆ, ಸ್ನೇಹವನ್ನು ಮಾತ್ರ ಕೊಡುವದಿಲ್ಲ, ಸೇವೆಯಲ್ಲಿ ಜೊತೆಗಾರರಾದ ನಮ್ಮನ್ನು ತಮ್ಮ ಮೇಜಿಗೆ ಕರೆಯುವದು ಅಪರೂಪ ಎಂಬ ತಾತ್ಪರ್ಯದ ಮಾತನ್ನು ಆಡಿದನು. ಕೂಡಿದವರಲ್ಲಿ ಅನೇಕರಿಗೆ ಅದು ಸಿಟ್ಟನ್ನುಂಟುಮಾಡಿತು. ಎರಡು ವರುಷಗಳಲ್ಲಿ ಅವನೇ ದೋರ್ಣಕಲ್ಲಿನ ಬಿಷಪನಾದನು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೆ ಬಂದ ಹಿಂದೂದೇಶದವರಲ್ಲಿ ಅವನೇ ಮೊದಲಿಗನು.

ವಾಚಕರೇ, ಅಜರಾಯನ ಮಾತನ್ನು ಓದುವಾಗ ನಮಗೆಲ್ಲರಿಗೂ ಸಂತೋಷವಾಗುತ್ತದೆ, ಯಾಕಂದರೆ ಆ ಕಥೆಯಲ್ಲಿ ನಾವು ನೋವುಂಡವರು. ಸಿದ್ದಿಯರ ಕಥೆಯಲ್ಲಾದರೋ ಬಂಗಲೆಯ ಒಳಗೆ ಕೂತವರು ನಾವೇ. ಜಾತಿಯವರು ನಮ್ಮನ್ನು ನಡಿಸಿದಂತೆಯೂ ಬಿಳಿಯರು ನಮ್ಮನ್ನು ನಡಿಸಿದಂತೆಯೂ ನಾವು ಮತ್ತೊಬ್ಬರನ್ನು ನಡಿಸಬಹುದು, ನಡಿಸುತ್ತಲೂ ಇದ್ದೇವೆ. ಹೇಗೆಂದು ಕೇಳಿದರೆ, ಆರಾಧನೆಯಲ್ಲಿ ಸಿದ್ದಿಯು ಕೂತ ಚಾಪೆಯಲ್ಲಿ ಸ್ಥಳವಿದ್ದರೂ ತಡವಾಗಿ ಬಂದವರು ಬೇರೆ ಚಾಪೆಗೆ ಹೋಗುವದು. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿಯುವ ಸಭೆಗಳಲ್ಲಿ ಕೆಲವರು ಅವರಿಗಿಂತ ಮೊದಲು ಹೋಗುವದಕ್ಕೆ ಅವಸರಪಡುವದು. ಮದುವೆಯ ಊಟದಲ್ಲಿ, ಮೊದಲು ಬೀಗರು ಕೂಡ್ರಲಿ ಎಂಬ ಸಭ್ಯವಾದ ಮಾತಿನಿಂದ ಅವರನ್ನು ಮೂರನೆಯ ಪಂಕ್ತಿಗೆ ನಿಲ್ಲಿಸುವದು. ಯಾರೂ ಕೆಟ್ಟ ಮಾತನ್ನಾಡಲಿಲ್ಲ. ಪೇತ್ರನೂ ಆಡಲಿಲ್ಲ.

ಸಿದ್ದಿಯರಲ್ಲಿಯೇ ನಾವು ನೋಡಿ ಕಲಿಯತಕ್ಕದ್ದು ಒಂದುಂಟು. ಅವರಲ್ಲಿ ಹಿಂದುಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಯಲ್ಲಾಪುರ ಅಂಕೋಲೆಗಳ ಕಡೆಯಲ್ಲಿ ಹಿಂದುಗಳು ಹೆಚ್ಚು, ಹಳಿಯಾಳದ ಕಡೆಯಲ್ಲಿ ಕ್ರೈಸ್ತರೂ ಮುಸಲ್ಮಾನರೂ ಹೆಚ್ಚು. ಮತವು ಮೂರಾದರೂ ತಾವು ಒಂದೇ ಜನವೆಂಬದನ್ನು ಅವರು ಮರೆಯಲಿಲ್ಲ. ಒಬ್ಬರ ಸುಖದುಃಖಕ್ಕೆ ಮತ್ತೊಬ್ಬರು ಬರುತ್ತಾರೆ, ಡಮಾಮಿ ಎಂಬ ದೊಡ್ಡ ಮದ್ದಳೆಯನ್ನು ಬಾರಿಸಿ ಕೂಡಿ ಹಾಡುತ್ತಾರೆ. ಅವರ ಪೂರ್ವಿಕರ ಪೂಜೆಯನ್ನು ನಾವು ಒಪ್ಪುವದಿಲ್ಲ, ಅದು ಬೇರೆ ಮಾತು. ಆದರೆ ಒಂದೇ ಕರ್ತನೂ ಒಂದೇ ದೀಕ್ಷಾಸ್ನಾನವೂ ಇರುವ ನಾವು ಅವರಷ್ಟಾದರೂ ಒಂದಾಗಿದ್ದೇವೋ?

ಕ್ರೈಸ್ತರಾದ ಸಿದ್ದಿಯರಲ್ಲಿ ಬಹುಮಂದಿ ರೋಮನ್ ಸಭೆಯವರು. ಅದಕ್ಕಾಗಿ ನಮ್ಮವರಲ್ಲಿ ಕೆಲವರು, ನಾವು ಅವರಿಗೆ ಮರ್ಯಾದೆ ಕೊಟ್ಟರೆ ಅವರು ನಮ್ಮ ಕಡೆಗೆ ಬರುವರು ಎಂದು ಲೆಕ್ಕ ಹಾಕುವದುಂಟು. ಈ ಲೆಕ್ಕವನ್ನು ಬಿಟ್ಟುಬಿಡಬೇಕು. ಮೀನಿಗೆ ತೋರಿಸುವ ಎರೆಯ ಹಾಗೆ ನ್ಯಾಯವನ್ನು ತೋರಿಸಲಾಗದು. ಸಿದ್ದಿಯು ಯಾವ ಸಭೆಯವನಾಗಿರಲಿ, ಯಾವ ಮತದವನಾಗಿರಲಿ, ಅವನ ಕೂಲಿಯು ಪೂರ್ತಿಯಾಗಿ ಸಲ್ಲಬೇಕು. ಸಿದ್ದಿ ಸ್ತ್ರೀಯರು ಹಳೇ ಬಟ್ಟೆಯ ತುಂಡುಗಳಿಂದ ತಿಂಗಳುಗಟ್ಟಲೆ ಹೊಲಿಯುವ ಕೌದಿಗಳನ್ನು ಈಗ ದೂರದೇಶದವರೂ ಮೆಚ್ಚಿ ಕೊಂಡುಕೊಳ್ಳುತ್ತಾರೆ. ನಮ್ಮವರು ಮನೆಯ ಬಾಗಿಲಲ್ಲಿ ಅದೇ ಕೌದಿಗೆ ಚೌಕಾಶಿ ಮಾಡುವದನ್ನು ನೋಡಿದರೆ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವು ನೆನಪಿಗೆ ಬರುತ್ತದೆ.

ಇನ್ನು ಸರಕಾರದ ವಿಷಯವಾಗಿ ಎರಡು ಮಾತು. ಇದು ಸಭೆಯ ಕೆಲಸವಲ್ಲವೆಂದು ತಿಳಿಯಬೇಡಿರಿ. ಓದುಬರಹ ಬಲ್ಲವನು ಬಾರದವನಿಗೆ ಕಾಗದ ಬರೆದುಕೊಡುವದು ಪ್ರೀತಿಯ ಕೆಲಸವೇ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿಸಲ್ಪಟ್ಟರು. ಬೆಳಗಾವಿ ಧಾರವಾಡ ಜಿಲ್ಲೆಗಳವರು 2020ರಲ್ಲಿ ಸೇರಿಸಲ್ಪಟ್ಟರು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ಎಂಬವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದರು. ಸಿದ್ದಿಯರಲ್ಲಿ ಶಾಸನಸಭೆಯ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ಕ್ರೈಸ್ತನಾದರೆ ಪಟ್ಟಿಯಿಂದ ಹೆಸರು ಹೋಗುವದೆಂದು ಹಳ್ಳಿಗಳಲ್ಲಿ ಒಂದು ಭಯವುಂಟು. ಪರಿಶಿಷ್ಟ ಜಾತಿಗಳ ವಿಷಯದಲ್ಲಿ ಅದು ನಿಜ: 1950ರ ಆಜ್ಞೆಯ ಪ್ರಕಾರ ಹಿಂದುಗಳಿಗೂ, ಆ ಮೇಲೆ 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಹಕ್ಕು ಉಂಟು, ಕ್ರೈಸ್ತರಿಗಿಲ್ಲ. ಆದರೆ ಪರಿಶಿಷ್ಟ ಪಂಗಡಗಳ ಆಜ್ಞೆಯಲ್ಲಿ ಮತದ ನಿಬಂಧನೆಯಿಲ್ಲ. ಸಿದ್ದಿಯು ಹಿಂದುವಾಗಿರಲಿ, ಮುಸಲ್ಮಾನನಾಗಿರಲಿ, ಕ್ರೈಸ್ತನಾಗಿರಲಿ, ಅವನ ಹಕ್ಕು ಅವನಿಗಿದೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯಲ್ಲಿಯೂ ಈ ಪಟ್ಟಿಯು ಪ್ರಯೋಜನಕ್ಕೆ ಬರುತ್ತದೆ. ಪಂಗಡದವನು 2005ನೆಯ ದಶಂಬರ 13ಕ್ಕೆ ಮೊದಲು ಆ ಅರಣ್ಯಭೂಮಿಯಲ್ಲಿ ಇದ್ದು ಅದರಿಂದ ಜೀವನ ಮಾಡುತ್ತಿದ್ದನೆಂದು ತೋರಿಸಿದರೆ ಸಾಕು. ಪಟ್ಟಿಯ ಹೊರಗಿನವನು ಮೂರು ತಲೆಮಾರು, ಅಂದರೆ 75 ವರುಷಗಳ ವಾಸವನ್ನು ರುಜುಪಡಿಸಬೇಕು. ಓಡಿಬಂದು ಕಾಡಿನಲ್ಲಿ ಅಡಗಿದವನ ಹತ್ತಿರ 75 ವರುಷದ ಕಾಗದ ಎಲ್ಲಿಂದ ಬರಬೇಕು? ಆದದರಿಂದ ಪ್ರಮಾಣಪತ್ರವಿಲ್ಲದ ಸಿದ್ದಿ ಕುಟುಂಬವು ನಿಮ್ಮ ನೆರೆಯಲ್ಲಿದ್ದರೆ ಅವರ ಸಂಗಡ ತಹಶೀಲದಾರರ ಕಚೇರಿಗೆ ಹೋಗಿರಿ. ದೂರದ ದಾರಿ, ಒಂದು ದಿವಸದ ಕೂಲಿ ಹೋಗುವದು, ಆದರೂ ಹೋಗಿರಿ.

ಸಿದ್ದಿಯರನ್ನು ಹುಡುಕಿಕೊಂಡು ಬಂದವರು ಇಲ್ಲದಿಲ್ಲ. 1987ರಲ್ಲಿ ಹಿಂದೂದೇಶದ ಕ್ರೀಡಾ ಪ್ರಾಧಿಕಾರದವರು ಒಂದು ಯೋಜನೆಯನ್ನು ಮಾಡಿ, ಆಫ್ರಿಕದವರು ಓಟದಲ್ಲಿ ಗೆಲ್ಲುತ್ತಾರಾದದರಿಂದ ಇವರೂ ಗೆಲ್ಲುವರೆಂದು ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಒಯ್ದರು. ಕೆಲವರು ಪದಕಗಳನ್ನು ಗೆದ್ದರು, ಕೆಲವರಿಗೆ ಉದ್ಯೋಗವೂ ಸಿಕ್ಕಿತು. ಕೆಲವೇ ವರುಷಗಳಲ್ಲಿ ಯೋಜನೆಯು ನಿಂತುಹೋಯಿತು. ಉಳಿದವರು ಹಳ್ಳಿಗೆ ತಿರಿಗಿ ಬಂದರು. ನಾನು ಆ ಯೋಜನೆಯನ್ನು ಕೆಟ್ಟದ್ದೆಂದು ಹೇಳುವದಿಲ್ಲ. ಆದರೆ ಒಂದು ಜನದ ಕಾಲುಗಳನ್ನು ಮಾತ್ರ ಬಯಸುವದು ಆ ಜನವನ್ನು ಪೂರ್ಣವಾಗಿ ಬರಮಾಡಿಕೊಂಡಂತಲ್ಲ. ಸಭೆಯೂ ಅದೇ ರೀತಿ ಮಾಡುವದುಂಟು. ಕ್ರಿಸ್ಮಸ್ಸಿನಲ್ಲಿ ಡಮಾಮಿ ಬಾರಿಸುವದಕ್ಕೆ ಸಿದ್ದಿಯರು ಬೇಕು. ದೇವಾಲಯದ ಹೆಂಚು ಏರಿಸುವದಕ್ಕೆ ಬೇಕು. ಅತಿಥಿಗಳು ಬಂದಾಗ ಕುಣಿದು ತೋರಿಸುವದಕ್ಕೆ ಬೇಕು. ಸಭಾಹಿರಿಯರ ಆಯ್ಕೆಯ ದಿವಸ ಅವರ ಹೆಸರನ್ನು ಯಾರೂ ಎತ್ತುವದಿಲ್ಲ.

ಇಲ್ಲಿ ಅಂತಿಯೋಕ್ಯದ ಪಟ್ಟಿಯನ್ನು ಮತ್ತೊಮ್ಮೆ ನೋಡಿರಿ. ನೀಗರನೆನಿಸಿಕೊಂಡ ಸಿಮೆಯೋನನು ಆ ಸಭೆಯಲ್ಲಿ ಅತಿಥಿಯಲ್ಲ, ದಾನ ಹೊಂದುವ ಬಡವನಲ್ಲ, ಹಾಡುಗಾರನಲ್ಲ, ಬೋಧಕನು. ಅವನು ಕಲಿಸಿದನು, ಉಳಿದವರು ಕೂತು ಕಲಿತರು. ಆದಕಾರಣ ಸಿದ್ದಿಯರನ್ನು ಸೇರಿಸಿಕೊಳ್ಳುತ್ತೇವೆ ಎಂದು ಒಂದು ಸಭೆಯು ಹೇಳಿಕೊಳ್ಳುವದಾದರೆ, ಅವರು ಎಷ್ಟು ಮಂದಿ ಕೂತಿದ್ದಾರೆ ಎಂಬದಕ್ಕಿಂತ ಎಷ್ಟು ಮಂದಿ ನಿಂತು ಬೋಧಿಸುತ್ತಾರೆ ಎಂಬದನ್ನು ವಿಚಾರಿಸಬೇಕು. ಅವರ ಮಕ್ಕಳಲ್ಲಿ ಒಬ್ಬನನ್ನಾಗಲಿ ಒಬ್ಬಳನ್ನಾಗಲಿ ಸಭೆಯ ಖರ್ಚಿನಿಂದ ವೇದಪಾಠಶಾಲೆಗೆ ಕಳುಹಿಸುವದು ಸಾಧ್ಯವಿದೆ. ಮನೆಯಲ್ಲಿ ಕೊಂಕಣಿಯನ್ನಾಡುವ ಸಿದ್ದಿ ಮುದುಕರಿಗೆ ಕನ್ನಡದ ಗ್ರಾಂಥಿಕ ಪ್ರಾರ್ಥನೆಯು ತಿಳಿಯದಿದ್ದರೆ, ಅವರಲ್ಲಿ ಒಬ್ಬನು ಅವರ ಮಾತಿನಲ್ಲಿಯೇ ಪ್ರಾರ್ಥಿಸಲಿ; ಅರ್ಥವಾಗದ ನಾವು ಆಮೆನ್ ಎಂದು ಹೇಳಿ ಕೂತಿರೋಣ. ಇಷ್ಟು ದಿನ ಅವರು ನಮಗಾಗಿ ಹಾಗೆಯೇ ಕೂತಿದ್ದರು.

ಮದುವೆಯ ವಿಷಯವನ್ನು ಬರೆಯದೆ ಬಿಟ್ಟರೆ ಪಾಠವು ಪೂರ್ಣವಾಗುವದಿಲ್ಲ. ಚಾಪೆಯ ಮೇಲೆ ಕೂಡ್ರುವದಕ್ಕೂ ಒಂದೇ ಪಾತ್ರೆಯಿಂದ ಕುಡಿಯುವದಕ್ಕೂ ಒಪ್ಪಿದವರು ಇಲ್ಲಿ ಬಂದು ನಿಲ್ಲುತ್ತಾರೆ. ನಾನು ಯಾರಿಗೂ ಇಂಥವರನ್ನೇ ಮದುವೆಯಾಗಿರಿ ಎಂದು ಹೇಳುವದಿಲ್ಲ. ಅದು ಉಪದೇಶಿಯ ಕೆಲಸವಲ್ಲ. ಆದರೆ ನಮ್ಮ ಸಭೆಯ ಒಬ್ಬ ಯೌವನಸ್ಥನೂ ಸಿದ್ದಿ ಕನ್ಯೆಯೂ ಕರ್ತನ ಭಯದಲ್ಲಿ ಒಬ್ಬರನ್ನೊಬ್ಬರು ಬಯಸಿದರೆ, ತಂದೆತಾಯಿಗಳು ಮೊದಲು ಕೇಳುವ ಪ್ರಶ್ನೆ ಯಾವದು? ಅವಳು ವಿಶ್ವಾಸಿಯೋ, ಶ್ರಮಜೀವಿಯೋ ಎಂಬದೋ? ಮೊಮ್ಮಕ್ಕಳ ಬಣ್ಣ ಹೇಗಾಗುವದು ಎಂಬದೋ? ಸಿದ್ದಿಯರ ರಕ್ತವನ್ನು ವಿದ್ವಾಂಸರು ಶೋಧಿಸಿ 2011ರಲ್ಲಿ ಪ್ರಕಟಿಸಿದ ಒಂದು ವಿಚಾರಣೆಯಲ್ಲಿ, ಅವರಲ್ಲಿ ಆಫ್ರಿಕದ ಅಂಶದ ಸಂಗಡ ಹಿಂದೂದೇಶದ ಅಂಶವೂ, ಬಹುಶಃ ಯೂರೋಪಿನ ಅಂಶವೂ ಕೂಡಿರುವದಾಗಿ ಕಂಡುಬಂತು. ಅಂದರೆ, ಯಾರು ಯಾರನ್ನು ಮುಟ್ಟುವದಿಲ್ಲವೆಂದು ಹೇಳಿದರೋ ಅವರ ರಕ್ತವು ಬಹುಕಾಲದ ಹಿಂದೆಯೇ ಕೂಡಿಹೋಗಿದೆ.

ಪಾಠವನ್ನು ನಡಿಸುವವರಿಗೆ: ಹನ್ನೊಂದನೆಯ ಮತ್ತು ಹದಿಮೂರನೆಯ ಅಧ್ಯಾಯಗಳ ಭಾಗಗಳನ್ನು ಇಬ್ಬರು ಓದಲಿ, ಗಲಾತ್ಯದ ಭಾಗವನ್ನು ಮೂರನೆಯವನು ಓದಲಿ. ಆ ಮೇಲೆ ಈ ಪ್ರಶ್ನೆಗಳನ್ನು ಕೇಳಿರಿ. ಪೇತ್ರನು ಯಾರಿಗೆ ಹೆದರಿದನು? ನಮ್ಮ ಊರಿನಲ್ಲಿ ನಾವು ಯಾರಿಗೆ ಹೆದರಿ ಪಂಕ್ತಿಯಿಂದ ಏಳುತ್ತೇವೆ? ಪೇತ್ರನು ಎದ್ದುಹೋದ ದಿವಸ ಸಿಮೆಯೋನನೂ ಆ ಪಂಕ್ತಿಯಲ್ಲಿದ್ದಿದ್ದರೆ ಅವನ ಮನಸ್ಸಿನಲ್ಲಿ ಏನಿದ್ದಿರಬಹುದು? ಈ ಕಡೆಯ ಪ್ರಶ್ನೆಗೆ ಉತ್ತರವನ್ನು ಅವಸರದಿಂದ ಹೇಳಿಸಬೇಡಿರಿ. ಸಭೆಯಲ್ಲಿ ಸಿದ್ದಿಯರಿದ್ದರೆ ಅವರು ಮೊದಲು ಮಾತಾಡಲಿ. ಮಾತಾಡದಿದ್ದರೆ ಒತ್ತಾಯ ಮಾಡಬೇಡಿರಿ. ಈ ಪಾಠವನ್ನು ಕರ್ತನ ಭೋಜನಕ್ಕೆ ಮುಂಚಿನ ಭಾನುವಾರ ಓದುವದು ಒಳ್ಳೇದು, ಯಾಕಂದರೆ ಯಾರ ಸಂಗಡ ಸಮಾಧಾನ ಮಾಡಿಕೊಳ್ಳಬೇಕೋ ಅವರ ಮನೆಗೆ ಹೋಗಿಬರುವದಕ್ಕೆ ನಡುವೆ ಒಂದು ವಾರವಿರುವದು.